ಬೆರಳು ಹೋದದ್ದು ಪ್ರೆಸ್ಸಿನಲ್ಲಿ, ಬರೆದದ್ದು ಮಿಕ್ಸಿ ಎಂದು

ಆಸ್ಪತ್ರೆಯ ಎಮರ್ಜೆನ್ಸಿ ಕೌಂಟರಿನಲ್ಲಿ ಕೂತವರು ಕೇಳಿದ್ದು ಎರಡೇ ಮಾತು. "ಎಲ್ಲಿ ಆಯ್ತು?" ನಮ್ಮ ಸೋದರಮಾವ ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮೆಷಿನ್ ಒರೆಸುವ ಕಾಟನ್ ವೇಸ್ಟನ್ನೇ ಬಲಗೈಗೆ ಸುತ್ತಿ ಕರೆತಂದಿದ್ದರು, ಅದು ಪೂರ್ತಿ ನೆನೆದು ತೊಟ್ಟಿಕ್ಕುತ್ತಿತ್ತು. ಜೊತೆಗೆ ಬಂದಿದ್ದ ಸೂಪರ್‌ವೈಸರ್ ತಡ ಮಾಡದೆ, "ಮನೇಲಿ ಮಿಕ್ಸಿ ರಿಪೇರಿ ಮಾಡ್ತಿದ್ರು ಸರ್" ಎಂದುಬಿಟ್ಟರು. ಕೌಂಟರಿನವರು ಹಾಗೇ ಬರೆದುಕೊಂಡರು.

ಮಾವ ಏಳು ಜನ ಕೆಲಸಗಾರರಿದ್ದ, ತಗಡು ಒತ್ತುವ ಸಣ್ಣ ಪ್ರೆಸ್ ಶಾಪಿನಲ್ಲಿ ಆಪರೇಟರ್ ಆಗಿದ್ದರು. 2022ರಲ್ಲಿ ನಡೆದದ್ದು, ಆಗ ಅವರಿಗೆ 40 ವರ್ಷ. ತಗಡನ್ನು ಡೈ ಎಂಬ ಅಚ್ಚಿನ ಮೇಲಿಟ್ಟು ಪೆಡಲ್ ತುಳಿಯುವುದು, ಒತ್ತಿ ಬಂದದ್ದನ್ನು ತೆಗೆದು ಇನ್ನೊಂದು ಇಡುವುದು. ದಿನಕ್ಕೆ ಸಾವಿರಾರು ಸಲ ಇದೇ ಕೆಲಸ. ಅವತ್ತು ಒಂದು ಏಟು ತಾನಾಗಿಯೇ ಎರಡು ಸಲ ಬಿತ್ತು. ತೋರುಬೆರಳು ಬುಡದಿಂದ ಹೋಯಿತು. ಮಿಕ್ಸಿ ಕಥೆ ನಮ್ಮ ಕಣ್ಣಿಗೆ ಬಿದ್ದದ್ದು ಹತ್ತು ದಿನ ಆದಮೇಲೆ, ಡಿಸ್ಚಾರ್ಜ್ ಚೀಟಿ ಓದಿದಾಗ.

ಮಾವನಿಗೆ ಅದು ದೊಡ್ಡ ವಿಷಯ ಅನಿಸಲೇ ಇಲ್ಲ. "ಏನೋ ಬರ್ಕೊಂಡ್ರೆ ಬರ್ಕೊಳ್ಳಲಿ ಬಿಡು, ಬೆರಳಂತೂ ಹೋಯ್ತು" ಎಂದರು. ಮುಂದಿನ ಎರಡೂವರೆ ವರ್ಷ ನಾವು ಓಡಾಡಿದ್ದೆಲ್ಲ ಆ ಒಂದು ಸಾಲನ್ನು ಅಳಿಸುವುದಕ್ಕೇ.

ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡಿಸುವ ಕಾನೂನು ನಮ್ಮಲ್ಲಿ ನೂರು ವರ್ಷದಿಂದ ಇದೆ. ಓದಿ ನೋಡಿದರೆ ಕೆಲಸಗಾರರ ಪರವಾಗಿಯೇ ಇದೆ. ಆದರೂ ಜನರಿಗೆ ಯಾಕೆ ಸಿಗುವುದಿಲ್ಲ? ನನಗೆ ತೋಚುವ ಉತ್ತರ ಇಷ್ಟು. ತಪ್ಪು ಯಾರದು ಎಂದು ಈ ಕಾನೂನು ಕೇಳುವುದಿಲ್ಲ. ಆದರೆ ನೀನು ಅಲ್ಲಿ ಕೆಲಸಕ್ಕಿದ್ದೆಯಾ, ಪೆಟ್ಟು ಆ ಕೆಲಸದಿಂದಲೇ ಆಯಿತಾ, ನಿನ್ನ ಸಂಬಳ ಎಷ್ಟು ಎಂದು ಕೇಳುತ್ತದೆ. ಈ ಮೂರಕ್ಕೂ ಉತ್ತರ ಇರುವ ಕಾಗದ ಓನರ್ ಹತ್ತಿರ ಇರುತ್ತದೆ, ಇಲ್ಲವೇ ಎಲ್ಲೂ ಇರುವುದಿಲ್ಲ.

ತಪ್ಪು ಯಾರದೆಂದು ಕೇಳದಿರುವುದು ಸಣ್ಣ ಉಪಕಾರವಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಕೈ ಕಳೆದುಕೊಂಡವನು ಮಾಲೀಕನ ನಿರ್ಲಕ್ಷ್ಯವನ್ನು ತಾನೇ ಸಾಬೀತು ಮಾಡಬೇಕಿತ್ತು. 1837ರ ಒಂದು ತೀರ್ಪಿನಿಂದ ಶುರುವಾದ ವಾದದ ಪ್ರಕಾರ, ಜೊತೆಗೆ ಕೆಲಸ ಮಾಡುವವನ ತಪ್ಪಿನಿಂದ ಪೆಟ್ಟಾದರೆ ಮಾಲೀಕ ಹೊಣೆಯೇ ಅಲ್ಲ. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದ್ದೀಯಲ್ಲ ಎಂಬ ಇನ್ನೊಂದು ವಾದವೂ ನಡೆಯುತ್ತಿತ್ತು. ಜರ್ಮನಿ 1884ರಲ್ಲಿ ಅಪಘಾತ ವಿಮೆ ತಂದಿತು. ಬ್ರಿಟನ್ 1897ರಲ್ಲಿ ಪರಿಹಾರದ ಕಾಯ್ದೆ ಮಾಡಿತು. ಅದೇ ದಾರಿಯಲ್ಲಿ ನಮ್ಮಲ್ಲಿ 1923ರ ಕೆಲಸಗಾರರ ಪರಿಹಾರ ಕಾಯ್ದೆ ಬಂದು, 1924ರ ಜುಲೈ 1ರಿಂದ ಜಾರಿಯಾಯಿತು. ಇವೆಲ್ಲದರ ಹಿಂದೆ ಇದ್ದದ್ದು ಒಂದು ಚೌಕಾಸಿ. ಕೆಲಸಗಾರ ಪೂರ್ತಿ ನಷ್ಟ ಕೇಳಬಾರದು, ಲೆಕ್ಕದ ಪ್ರಕಾರ ಬರುವ ಕಡಿಮೆ ಹಣಕ್ಕೆ ಒಪ್ಪಬೇಕು. ಬದಲಿಗೆ ಮಾಲೀಕ ತಪ್ಪಿನ ಮಾತೆತ್ತದೆ ಬೇಗ ಕೊಡಬೇಕು.

ಕಡಿಮೆ ಆದರೂ ಖಾತ್ರಿ, ಅದೂ ಬೇಗ. ಈ ಚೌಕಾಸಿಯಲ್ಲಿ "ಕಡಿಮೆ" ಅನ್ನುವುದು ಮಾತ್ರ ಇವತ್ತಿಗೂ ಚಾಚೂ ತಪ್ಪದೆ ಉಳಿದುಕೊಂಡಿದೆ.

ಮಾವನ ಲೆಕ್ಕವನ್ನೇ ನೋಡಿ. ಅಂಗಾಂಗಗಳಿಗೆ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ, ಓದಿದರೆ ಮೈ ಜುಮ್ಮೆನ್ನುತ್ತದೆ. ಹೆಬ್ಬೆರಳಿಗೆ 30 ಪರ್ಸೆಂಟ್. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9, ಮೂಳೆ ಉಳಿದು ಬರೀ ತುದಿ ಕತ್ತರಿಸಿದರೆ 5. ಉಂಗುರ ಬೆರಳಿಗೋ ಕಿರುಬೆರಳಿಗೋ 7. ಇವು ದುಡಿಯುವ ಶಕ್ತಿಯಲ್ಲಿ ಎಷ್ಟು ಹೋಯಿತು ಎನ್ನುವ ಅಂದಾಜು. ಇದರ ಜೊತೆಗೆ ವಯಸ್ಸಿನ ಗುಣಕ ಅಂತ ಒಂದಿದೆ. 16 ವರ್ಷದವರಿಗೆ 228.54, ವಯಸ್ಸಾದಂತೆ ಇಳಿಯುತ್ತಾ ಬಂದು 65 ದಾಟಿದವರಿಗೆ 99.37. ನಲವತ್ತಕ್ಕೆ 184.17.

ಶಾಶ್ವತವಾಗಿ ದುಡಿಯಲು ಆಗದೇ ಹೋದರೆ ತಿಂಗಳ ಸಂಬಳದ 60 ಪರ್ಸೆಂಟನ್ನು ಈ ಗುಣಕದಿಂದ ಗುಣಿಸಬೇಕು. ಸಾವಾದರೆ 50 ಪರ್ಸೆಂಟ್. ಮಾವನಿಗೆ ತಿಂಗಳಿಗೆ 16,000 ಬರುತ್ತಿತ್ತು. ಆದರೆ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ, ಯಾಕೆಂದರೆ ಸಂಬಳ ಎಷ್ಟೇ ಇರಲಿ ಅದಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ ಎಂದು 2020ರ ಜನವರಿಯಲ್ಲಿ ಸರ್ಕಾರ ಮಿತಿ ಹಾಕಿದೆ. ಅದಕ್ಕೂ ಮೊದಲು ಮಿತಿ 8,000 ಇತ್ತು. ಹದಿನೈದು ಸಾವಿರದ 60 ಪರ್ಸೆಂಟ್ ಅಂದರೆ 9,000, ಅದನ್ನು 184.17ರಿಂದ ಗುಣಿಸಿದರೆ 16,57,530. ಅದರಲ್ಲಿ ಶೇಕಡಾ 14 ಎಂದರೆ 2,32,054 ರೂಪಾಯಿ.

ಓನರ್ ಕೊಡಲು ಬಂದದ್ದು 40,000.

ಮಾವನಿಗೆ ಮಿತಿಯಿಂದ ಆದ ನಷ್ಟ ಸ್ವಲ್ಪವೇ. ತಿಂಗಳಿಗೆ 28,000 ದುಡಿಯುವ 30 ವರ್ಷದ ವೆಲ್ಡರ್ ಎರಡೂ ಕಣ್ಣು ಕಳೆದುಕೊಂಡರೆ ಏನಾಗುತ್ತದೆ ನೋಡಿ. ನಿಜವಾದ ಸಂಬಳ ಹಿಡಿದರೆ 34,94,064 ರೂಪಾಯಿ ಆಗಬೇಕು. ಮಿತಿ ಇರುವುದರಿಂದ 18,71,820ಕ್ಕೆ ನಿಲ್ಲುತ್ತದೆ. ಅದೇ ವೆಲ್ಡರ್ ಕೆಲಸ ಮುಗಿಸಿ ರಸ್ತೆ ದಾಟುವಾಗ ಲಾರಿ ಗುದ್ದಿ ಕಣ್ಣು ಹೋಗಿದ್ದರೆ, ಮೋಟಾರು ಅಪಘಾತ ನ್ಯಾಯಮಂಡಳಿ ಅವನ ನಿಜವಾದ ಆದಾಯವನ್ನೇ ಹಿಡಿಯುತ್ತಿತ್ತು, ಮುಂದೆ ಏರಬಹುದಾದ ಸಂಬಳವನ್ನೂ ಸೇರಿಸುತ್ತಿತ್ತು. ಅಲ್ಲಿ ಚಾಲಕನ ತಪ್ಪನ್ನು ತೋರಿಸಬೇಕು, ನಿಜ. ಆದರೂ ಕಾರ್ಖಾನೆಯ ಒಳಗೆ ಹೋದ ಕಣ್ಣಿಗೆ ಒಂದು ರೇಟು, ಗೇಟಿನ ಹೊರಗೆ ಹೋದ ಕಣ್ಣಿಗೆ ಇನ್ನೊಂದು. ಇದನ್ನು ಯಾರೂ ಸರಿಯಾಗಿ ವಿವರಿಸಿದ್ದನ್ನು ನಾನು ಕೇಳಿಲ್ಲ. ಲಾರಿ ಡ್ರೈವರ್, ಕ್ಲೀನರ್‌ಗಳ ಹಾಗೆ ಕೆಲಸದ ಮೇಲಿದ್ದಾಗಲೇ ವಾಹನ ಅಪಘಾತಕ್ಕೆ ಸಿಕ್ಕವರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಇದೆ. ಎರಡೂ ಕಡೆ ಕೇಳುವ ಹಾಗಿಲ್ಲ.

ಹಾಗಂತ ಪಟ್ಟಿಯೇ ಕೊನೆಯ ಮಾತಲ್ಲ. ಇದಕ್ಕೆ ವಕೀಲರು ಇವತ್ತಿಗೂ ನೆನೆಯುವುದು ಒಬ್ಬ ಬಡಗಿಯ ಕೇಸನ್ನು. ಒಡಿಶಾದ ಜೇಪುರದಲ್ಲಿ 1968ರಲ್ಲಿ ಒಂದು ಸಿನಿಮಾ ಟಾಕೀಸಿನ ಅಲಂಕಾರದ ಕೆಲಸ ಮಾಡುತ್ತಿದ್ದ ಆತ ಮೇಲಿಂದ ಬಿದ್ದ. ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಬೇಕಾಯಿತು. ಪಟ್ಟಿ ಹಿಡಿದು ನೋಡಿದರೆ ಅದು ಭಾಗಶಃ ಅಂಗವಿಕಲತೆ. ಆದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಹೇಗೆ ಸಾಧ್ಯ? ಒಂದು ಕೈ ಉಳಿ ಹಿಡಿಯಬೇಕು, ಇನ್ನೊಂದು ಕೊಡತಿ ಹಿಡಿಯಬೇಕು. ಆ ಕೆಲಸದ ಮಟ್ಟಿಗೆ ಅವನದು ನೂರಕ್ಕೆ ನೂರು ನಷ್ಟ ಎಂದು ಇಂಥ ಪರಿಹಾರದ ಕೇಸುಗಳನ್ನು ಕೇಳುವ ಆಯುಕ್ತರು ಹೇಳಿದರು. 1975ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪರಿಹಾರ ಕೊಡಬೇಕಾದ ದಿನ ಅಪಘಾತದ ದಿನವೇ, ಕೋರ್ಟು ಆದೇಶ ಮಾಡಿದ ದಿನ ಅಲ್ಲ ಎಂದೂ ಅದೇ ತೀರ್ಪು ಹೇಳಿತು. ಬಡ್ಡಿ ಲೆಕ್ಕಕ್ಕೆ ಇದು ಮುಖ್ಯ. ಒಂದು ತಿಂಗಳೊಳಗೆ ಕೊಡದಿದ್ದರೆ 12 ಪರ್ಸೆಂಟ್ ಬಡ್ಡಿ, ಜೊತೆಗೆ ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೂ ದಂಡ. ಓನರ್ ವಿಮೆ ಮಾಡಿಸಿದ್ದರೆ ಸಾಮಾನ್ಯವಾಗಿ ಪರಿಹಾರವನ್ನೂ ಬಡ್ಡಿಯನ್ನೂ ವಿಮೆ ಕಂಪನಿ ಕಟ್ಟುತ್ತದೆ. ದಂಡ ಮಾತ್ರ ಓನರ್ ಜೇಬಿನಿಂದಲೇ ಹೋಗಬೇಕು.

ಪಟ್ಟಿಯಲ್ಲಿ ಇಲ್ಲದ ಗಾಯಗಳದ್ದು ಬೇರೆ ಜಗಳ. ಬೆನ್ನುಮೂಳೆಗೆ ಪೆಟ್ಟು, ತಿರುಗದ ಭುಜ, ಸರಿಯಾಗಿ ಕೂಡದ ಮೂಳೆ, ಇವಕ್ಕೆಲ್ಲ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಡಾಕ್ಟರ್ "ಕಾಲಿಗೆ 30 ಪರ್ಸೆಂಟ್" ಎಂದು ಬರೆಯುತ್ತಾರೆ. ವಿಮೆ ಕಂಪನಿಯ ವಕೀಲರು ಎದ್ದು, ಇಡೀ ದೇಹಕ್ಕೆ ನೋಡಿದರೆ ಮೂರನೇ ಒಂದು ಭಾಗ, ಅಂದರೆ 10 ಎನ್ನುತ್ತಾರೆ. ಆದರೆ ಕಾಯ್ದೆ ಕೇಳುವುದು ಕಾಲಿನ ಲೆಕ್ಕವನ್ನೂ ಅಲ್ಲ, ದೇಹದ ಲೆಕ್ಕವನ್ನೂ ಅಲ್ಲ. ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ. ಟೇಬಲ್ ಮುಂದೆ ಕೂತು ಬರೆಯುವವರಿಗೆ ಕಾಲು ಮಡಚಲಾಗದಿದ್ದರೆ ಒಂದು ನಷ್ಟ, ಗಾರೆ ಕೆಲಸದವರಿಗೆ ಇನ್ನೊಂದು. ಇದನ್ನು ಡಾಕ್ಟರ್ ಬಾಯಲ್ಲಿ ಸರಿಯಾಗಿ ಹೇಳಿಸದೆ ಎಷ್ಟೋ ಕೇಸುಗಳು ಸೊರಗುತ್ತವೆ.

ಈಗ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಿಷಯ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇದು ಅನ್ವಯ. ಓನರ್ 3.25 ಪರ್ಸೆಂಟ್, ಕೆಲಸಗಾರ 0.75 ಪರ್ಸೆಂಟ್ ಕಟ್ಟುತ್ತಾರೆ. ಇಎಸ್‌ಐ ಇದ್ದವರು ಓನರ್ ಮೇಲೆ ಪರಿಹಾರದ ಕೇಸು ಹಾಕುವಂತಿಲ್ಲ, ಹಣ ಇಎಸ್‌ಐ ನಿಗಮದಿಂದಲೇ ಬರುತ್ತದೆ. ನನ್ನ ಪ್ರಕಾರ ಇದು ಎಷ್ಟೋ ವಾಸಿ. ಕೆಲಸಕ್ಕೆ ಹೋಗಲಾಗದ ಅಷ್ಟೂ ದಿನ ಸಂಬಳದ 90 ಪರ್ಸೆಂಟ್ ಸಿಗುತ್ತದೆ. ಇಎಸ್‌ಐ ಇಲ್ಲದವರಿಗೆ ಕಾಯ್ದೆ ಕೊಡುವುದು ಹದಿನೈದು ದಿನಕ್ಕೊಮ್ಮೆ ಸಂಬಳದ ಕಾಲು ಭಾಗ, ಅಂದರೆ ತಿಂಗಳಿಗೆ ಅರ್ಧ, ಅದೂ ಹೆಚ್ಚೆಂದರೆ 5 ವರ್ಷ. ಶಾಶ್ವತ ಊನವಾದರೆ ಇಎಸ್‌ಐ ತಿಂಗಳು ತಿಂಗಳು ಪಿಂಚಣಿಯ ಹಾಗೆ ಕೊಡುತ್ತದೆ. ಕೆಲಸದ ಅಪಘಾತಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಲೇಬೇಕು ಎಂಬ ಷರತ್ತೂ ಇಲ್ಲ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕಿದೆ.

ಆದರೆ ಕಾರ್ಡೇ ಮಾಡಿಸಿರುವುದಿಲ್ಲವಲ್ಲ! ಅಪಘಾತ ಆದ ಮೇಲೆ ಓಡಿಹೋಗಿ ಹೆಸರು ನೋಂದಾಯಿಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಹರಿಯಾಣದ ಮಾನೇಸರ್ ಸುತ್ತಮುತ್ತ ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ಜೊತೆ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ಕೆಲಸ ಮಾಡುತ್ತದೆ. ಗಾಯಾಳುಗಳಲ್ಲಿ ಬಹಳ ಜನರಿಗೆ ಇಎಸ್‌ಐ ಕಾರ್ಡು ಕೈಗೆ ಬಂದದ್ದೇ ಅಪಘಾತ ಆದಮೇಲೆ ಎಂದು ಅವರ ವರದಿಗಳು ಹೇಳುತ್ತಾ ಬಂದಿವೆ. ಅದೇ ಪವರ್ ಪ್ರೆಸ್ಸು, ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಸೆನ್ಸರು ಅಲ್ಲೂ ಇಲ್ಲ. ನೋಂದಣಿಯ ತಾರೀಕು ಅಪಘಾತದ ತಾರೀಕಿಗಿಂತ ಈಚೆಗಿದ್ದರೆ ಫೈಲು ಅಲ್ಲೇ ಕೂರುತ್ತದೆ. ಕಾನೂನಿನ ಪ್ರಕಾರ ಹೆಸರು ಬರೆಸದ ತಪ್ಪು ಓನರ್‌ದು. ನಿಗಮ ಕೆಲಸಗಾರರಿಗೆ ಕೊಟ್ಟು ಓನರ್‌ನಿಂದ ವಸೂಲಿ ಮಾಡಬಹುದು.

ಮಾವನ ಶಾಪಿನಲ್ಲಿದ್ದದ್ದು ಏಳೇ ಜನ. ಹಾಗಾಗಿ ಇಎಸ್‌ಐ ಪ್ರಶ್ನೆ ಬರಲಿಲ್ಲ, ನೇರ ಓನರ್ ಮೇಲೆ ಕೇಸು.

ಓನರ್ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆ ಬಿಲ್ ಅವರೇ ಕಟ್ಟಿದರು, ಮನೆಗೆ ಬಂದು ಕಣ್ಣೀರು ಹಾಕಿದರು. "ಅಣ್ಣ, ನೀವು ಮನೆ ಜನ ಇದ್ದಂಗೆ, ಕೋರ್ಟು ಗೀರ್ಟು ಯಾಕೆ ಬೇಕು?" ಎಂದರು. ಅತ್ತೆ ಕಾಫಿ ಕೊಟ್ಟರು. ಕಾಫಿ ಕುಡಿದ ಮೇಲೆ ಕವರಿನಿಂದ ಒಂದು ಛಾಪಾ ಕಾಗದ ಬಂತು. "ನನ್ನ ಅಜಾಗರೂಕತೆಯಿಂದ ಪೆಟ್ಟಾಗಿದ್ದು, 40,000 ರೂಪಾಯಿ ಪಡೆದಿರುತ್ತೇನೆ, ಮುಂದೆ ಯಾವುದೇ ತಕರಾರು ಇರುವುದಿಲ್ಲ." ಮಾವ ಎಡಗೈಯಲ್ಲಿ ಸಹಿ ಹಾಕಿದರು. ಬಲಗೈಗೆ ಇನ್ನೂ ಬ್ಯಾಂಡೇಜ್ ಇತ್ತು.

ಆ ಕಾಗದದಲ್ಲೂ ಕಟ್ಟಿದ ಬಿಲ್ಲಿನಲ್ಲೂ ಸೇರಿ ಮೂರು ಪೊಳ್ಳು ಮಾತು ಇವೆ. ಒಂದೊಂದಾಗಿ ನೋಡೋಣ. ಮೊದಲನೆಯದು ಅಜಾಗರೂಕತೆ. ಅದಕ್ಕೆ ಈ ಕಾಯ್ದೆಯಲ್ಲಿ ಬೆಲೆಯೇ ಇಲ್ಲ. ಕುಡಿದಿದ್ದರೆ, ಬೇಕಂತಲೇ ಸುರಕ್ಷತೆಯ ನಿಯಮ ಮುರಿದಿದ್ದರೆ, ಮೆಷಿನ್ನಿನ ಗಾರ್ಡ್ ಗೊತ್ತಿದ್ದೂ ತೆಗೆದುಹಾಕಿದ್ದರೆ ಮಾತ್ರ ಓನರ್ ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಊನ ಆದಾಗ ಆ ನೆಪವೂ ನಡೆಯುವುದಿಲ್ಲ. ಸುಸ್ತಾಗಿ, ಗಮನ ತಪ್ಪಿ, ಅವಸರದಲ್ಲಿ ಆದದ್ದು ಯಾವುದೂ ಈ ಸಾಲಿಗೆ ಬರುವುದಿಲ್ಲ. ಇನ್ನು ಗಾರ್ಡ್ ತೆಗೆದವರು ಯಾರು? ಪೀಸ್ ಲೆಕ್ಕದಲ್ಲಿ ಟಾರ್ಗೆಟ್ ಕೊಟ್ಟು, ಗಾರ್ಡ್ ಇದ್ದರೆ ಸ್ಪೀಡ್ ಬರಲ್ಲ ಎಂದು ಬಿಚ್ಚಿಸಿದವರೇ ಕೋರ್ಟಿನಲ್ಲಿ ಅದನ್ನು ಆಪರೇಟರ್ ತಲೆಗೆ ಕಟ್ಟುವುದುಂಟು.

ಎರಡನೆಯದು, ತಕರಾರು ಇಲ್ಲ ಎಂಬ ಮಾತು. ಕಾಯ್ದೆ ಕೊಟ್ಟ ಪರಿಹಾರವನ್ನು ಬಿಟ್ಟುಕೊಡುವ ಕರಾರು ಊರ್ಜಿತವೇ ಅಲ್ಲ. ರಾಜಿ ಮಾಡಿಕೊಳ್ಳಬಹುದು, ಆದರೆ ಅದನ್ನು ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ, ಮೋಸ ಕಂಡರೆ, ಅವರು ನೋಂದಾಯಿಸದೇ ಇರಬಹುದು. ಸಾವಿನ ಪ್ರಕರಣದಲ್ಲಂತೂ ಹಣವನ್ನು ಮನೆಯವರ ಕೈಗೆ ನೇರ ಕೊಡುವಂತೆಯೇ ಇಲ್ಲ, ಆಯುಕ್ತರಲ್ಲಿ ಠೇವಣಿ ಇಡಬೇಕು. ಹಾಗೆ ಮಾಡದೆ ಕೈಗೆ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೆ ಸೇರುವುದಿಲ್ಲ. ಒಂದಿಷ್ಟು ಮುಂಗಡಕ್ಕೆ ಮಾತ್ರ ವಿನಾಯಿತಿ ಇದೆ. ದುಃಖದ ಮನೆಗೆ ಬಂದು ಕವರ್ ಕೊಟ್ಟು ಸಹಿ ಹಾಕಿಸಿಕೊಂಡು ಹೋಗುವವರನ್ನು ನೂರು ವರ್ಷದ ಹಿಂದೆಯೇ ಯಾರೋ ಸರಿಯಾಗಿ ಊಹಿಸಿದ್ದರು.

ಮೂರನೆಯದು ಆಸ್ಪತ್ರೆ ಬಿಲ್. ಅದು ಉಪಕಾರವಲ್ಲ. ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಓನರ್ ಕೊಡಲೇಬೇಕು ಎಂದು 2009ರ ತಿದ್ದುಪಡಿಯಲ್ಲಿ ಸೇರಿದೆ. ಅದು ಪರಿಹಾರದ ಜೊತೆಗೆ, ಪರಿಹಾರದಲ್ಲಿ ಕಳೆಯುವುದಕ್ಕಲ್ಲ.

ಇಷ್ಟೆಲ್ಲ ನಮ್ಮ ಪರವಾಗಿದ್ದೂ ಕೇಸು ಹಾಕಿದ ಮೇಲೆ ಓನರ್ ಕೊಟ್ಟ ಉತ್ತರ ಒಂದೇ ಸಾಲಿನದು. "ಅರ್ಜಿದಾರರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ." ಮನೆ ಜನ ಇದ್ದಂತೆ ಎಂದವರು! ಹಾಗಾದರೆ ಆ ಛಾಪಾ ಕಾಗದ? ಅದರ ಮೂಲ ಪ್ರತಿ ಅವರ ಹತ್ತಿರವೇ ಇತ್ತು. ಅವರು ಅದನ್ನು ಹಾಜರುಪಡಿಸಲೇ ಇಲ್ಲ. ನಮ್ಮ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ.

ಏಳು ಜನರ ಶಾಪಿನಲ್ಲಿ ನೇಮಕಾತಿ ಪತ್ರ ಎಲ್ಲಿಂದ ಬರಬೇಕು? ಸಂಬಳದ ಚೀಟಿ ಇಲ್ಲ, ಪಿಎಫ್ ಇಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕಿನ ಬಗ್ಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ತಿಳಿಸಬೇಕು ಎಂದು 2017ರಲ್ಲಿ ಕಾನೂನು ಬಂತು. ಅಂಥ ಕಾಗದ ಕಂಡವರನ್ನು ನಾನಂತೂ ನೋಡಿಲ್ಲ. ಕಟ್ಟಡ ಕೆಲಸದಲ್ಲಿ ಇನ್ನೂ ಕಷ್ಟ. ಬಿಲ್ಡರ್ ಕೇಳಿದರೆ ಕಾಂಟ್ರಾಕ್ಟರ್ ಎನ್ನುತ್ತಾರೆ, ಅವರು ಸಬ್ ಕಾಂಟ್ರಾಕ್ಟ್ ಎನ್ನುತ್ತಾರೆ, ಕೊನೆಗೆ ಉಳಿಯುವುದು ಮೇಸ್ತ್ರಿ. ಅವನೂ ಕೂಲಿಯವನೇ. ಆದರೆ ಕಾಯ್ದೆಗೆ ಈ ಆಟ ಮೊದಲೇ ಗೊತ್ತು. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನೇ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಹಾಗಾಗಿ ಅರ್ಜಿಯಲ್ಲಿ ಮೇಸ್ತ್ರಿಯಿಂದ ಹಿಡಿದು ಬಿಲ್ಡರ್‌ವರೆಗೆ ಎಲ್ಲರ ಹೆಸರೂ ಇರಬೇಕು. ಊರು ಬಿಟ್ಟು ಬಂದವರು ಪೆಟ್ಟಾದ ಜಾಗದಲ್ಲೇ ಕೇಸು ಹಾಕಬೇಕೆಂದೂ ಇಲ್ಲ. ಬೆಂಗಳೂರಿನ ಕಟ್ಟಡದಿಂದ ಬಿದ್ದು ಸತ್ತವರ ಹೆಂಡತಿ ಕಲಬುರಗಿಯಲ್ಲೇ ಅರ್ಜಿ ಹಾಕಬಹುದು. ಎರಡು ವರ್ಷದೊಳಗೆ ಹಾಕಿದರೆ ಸರಿ, ತಡವಾದರೆ ತಕ್ಕ ಕಾರಣ ಹೇಳಬೇಕಾಗುತ್ತದೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. 1923ರ ಕಾಯ್ದೆ ಮತ್ತು ಇಎಸ್‌ಐ ಕಾಯ್ದೆ ಎರಡೂ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಹೊಟ್ಟೆಯೊಳಗೆ ಸೇರಿವೆ. ಆಯುಕ್ತರ ಬದಲು ಸಕ್ಷಮ ಪ್ರಾಧಿಕಾರ ಎಂಬ ಹೆಸರು ಬಂದಿದೆ. ಲೆಕ್ಕದ ಸೂತ್ರ, ಬೆರಳಿನ ಪಟ್ಟಿ, ವಯಸ್ಸಿನ ಗುಣಕ ಬಹುಪಾಲು ಹಳೆಯವೇ. ಹೊಸದಾಗಿ ಬಂದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ದಾರಿಯ ಅಪಘಾತ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತವೂ, ಸಮಯ, ಜಾಗ, ಸಂದರ್ಭಗಳಿಗೆ ಕೆಲಸದ ಜೊತೆ ನಂಟಿದ್ದರೆ, ಕೆಲಸದ ಅಪಘಾತವೇ. ಇಎಸ್‌ಐನಲ್ಲಿ ಇದು 2010ರಿಂದ ಇತ್ತು, ಉಳಿದವರಿಗೆ ಇರಲಿಲ್ಲ.

ಇದಕ್ಕೆ ಕೆಲವೇ ತಿಂಗಳ ಮೊದಲು, 2025ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯನ್ನೂ ಹೀಗೇ ಓದಬೇಕು ಎಂದಿತ್ತು. ಅದು ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ವಾಚ್‌ಮನ್‌ನ ಕೇಸು. ಬೆಳಗಿನ ಜಾವ 3 ಗಂಟೆಯ ಶಿಫ್ಟಿಗೆ ಬೈಕಿನಲ್ಲಿ ಹೊರಟಿದ್ದವರು ದಾರಿಯಲ್ಲೇ ತೀರಿಕೊಂಡರು. ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಅವರಿಗೆ ಕಾರ್ಖಾನೆ ಬಿಟ್ಟರೆ ಬೇರೆ ಏನು ಕೆಲಸ? ಅಪಘಾತ ಆದದ್ದು 2003ರಲ್ಲಿ. ಕೊನೆಯ ತೀರ್ಪು ಬಂದದ್ದು 22 ವರ್ಷದ ನಂತರ. ಇಂಥ ಅರ್ಜಿಗಳನ್ನು ಮೂರು ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿತ್ತು, ಅದನ್ನೂ ಒಮ್ಮೆ ನೆನೆಸಿಕೊಳ್ಳಿ.

ಬೈಕಿನಲ್ಲಿ ಊಟ, ಪಾರ್ಸೆಲ್ ತಲುಪಿಸುವ ಹುಡುಗರ ಪಾಡು ಬೇರೆ. ಅವರಿಗೆ ದಾರಿಯೇ ಕಾರ್ಖಾನೆ. ಆದರೆ ಸಂಹಿತೆ ಅವರನ್ನು ಉದ್ಯೋಗಿ ಎನ್ನುವುದಿಲ್ಲ, ಗಿಗ್ ಕಾರ್ಮಿಕರು ಎನ್ನುತ್ತದೆ. ಆ ಒಂದು ಪದದಿಂದಾಗಿ ತಪ್ಪು ಕೇಳದೆ ಪರಿಹಾರ ಕೊಡುವ ಹೊಣೆ ಕಂಪನಿಯ ಮೇಲಿಲ್ಲ. ಬದಲಿಗೆ ವರ್ಷದ ಒಟ್ಟು ವಹಿವಾಟಿನ 1ರಿಂದ 2 ಪರ್ಸೆಂಟ್ ಹಣವನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು, ಅದರಿಂದ ವಿಮೆಯಂಥ ಯೋಜನೆ ಮಾಡಬಹುದು. ಕರ್ನಾಟಕ 2025ರಲ್ಲಿ ತನ್ನದೇ ಗಿಗ್ ಕಾರ್ಮಿಕರ ಕಾಯ್ದೆ ಮಾಡಿ, ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಹೋಗುವ ಹಣದ ಮೇಲೆ 1ರಿಂದ 5 ಪರ್ಸೆಂಟ್ ಶುಲ್ಕ ಹಾಕಿತು. ಒಳ್ಳೆಯದೇ. ಆದರೆ ಯೋಜನೆ ಎಂದರೆ ಸರ್ಕಾರ ಕೊಟ್ಟಷ್ಟು, ಹಕ್ಕು ಎಂದರೆ ಕೋರ್ಟಿನಲ್ಲಿ ಕೇಳಬಹುದಾದಷ್ಟು. ಈ ವ್ಯತ್ಯಾಸ ಮಳೆಯಲ್ಲಿ ಜಾರಿ ಬಿದ್ದವನಿಗೆ ಮಾತ್ರ ಗೊತ್ತಾಗುತ್ತದೆ.

ನಿಧಾನಕ್ಕೆ ಬರುವ ಕಾಯಿಲೆಯೂ ಈ ಕಾನೂನಿನಲ್ಲಿ ಅಪಘಾತವೇ. ಕಲ್ಲಿನ ಧೂಳಿನಿಂದ ಶ್ವಾಸಕೋಶ ಹಾಳಾಗುವ ಸಿಲಿಕೋಸಿಸ್, ಸದ್ದಿನಿಂದ ಕಿವುಡಾಗುವುದು, ಇಂಥವಕ್ಕೆ ಬೇರೆ ಪಟ್ಟಿ ಇದೆ. ಆದರೆ ಐದು ಕ್ವಾರಿಗಳಲ್ಲಿ ದುಡಿದವರಿಗೆ ಯಾವ ಕ್ವಾರಿಯ ಧೂಳು ಎಂದು ಕೇಳಿದರೆ? ಹಲವು ಮಾಲೀಕರು ಹಂಚಿಕೊಂಡು ಕೊಡಬೇಕು ಎಂಬ ದಾರಿ ಕಾಯ್ದೆಯಲ್ಲಿದೆ. ಐದೂ ಕಡೆ ಹಾಜರಿ ಪುಸ್ತಕ ಇದ್ದರೆ ತಾನೇ?

ಮತ್ತೆ ಕಾಗದಕ್ಕೇ ಬಂದೆವು. ನಮಗೆ ಒಳ್ಳೆಯ ವಕೀಲರು ಸಿಕ್ಕಿದ್ದು ತಾಲೂಕು ಕಾನೂನು ಸೇವಾ ಸಮಿತಿಯಿಂದ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೆಂದು ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಎಂದು 1987ರ ಕಾಯ್ದೆ ಹೇಳುತ್ತದೆ. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಎಂದು ಮೊದಲೇ ಮಾತಾಡುವವರ ಹತ್ತಿರ ಹೋಗುವ ಮುಂಚೆ ಇದು ನಮಗೆ ಗೊತ್ತಾದದ್ದು ಪುಣ್ಯ. ಕರ್ನಾಟಕದಲ್ಲಿ ಇಂಥ ಕೇಸುಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ಕೇಳುತ್ತಾ ಬಂದಿದ್ದಾರೆ. ವಕೀಲರು ಮೊದಲು ಕೇಳಿದ್ದು ಮಾವನ ಫೋನು.

ಅದರಲ್ಲಿ ಎಲ್ಲ ಇತ್ತು. ಶನಿವಾರ ಶನಿವಾರ ಫೋನ್‌ಪೇಯಲ್ಲಿ ಬಂದ ಬಟವಾಡೆ, ಒಂದು ವಾರವೂ ತಪ್ಪಿಲ್ಲ. ರಾತ್ರಿ ಪಾಳಿ ಮುಗಿಯುವಾಗ ಎಷ್ಟು ಪೀಸ್ ಆಯಿತು ಎಂದು ಸೂಪರ್‌ವೈಸರ್‌ಗೆ ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳು. ಒಂದರಲ್ಲಿ ಅದೇ ಪ್ರೆಸ್ಸು ಹಿಂದೆ ಕಾಣುತ್ತಿತ್ತು. "ನಾಳೆ ಬೇಗ ಬನ್ನಿ, ಅರ್ಜೆಂಟ್ ಆರ್ಡರ್" ಎಂಬ ಓನರ್‌ದೇ ವಾಯ್ಸ್ ಮೆಸೇಜು. ಕೆಲಸಕ್ಕಿದ್ದರು, ಸಂಬಳ ಇಷ್ಟು ಎಂಬ ಎರಡು ಪ್ರಶ್ನೆ ಅಲ್ಲಿಗೆ ಮುಗಿದವು. ಈ ಫೋನು ಮಾರಿ ಹೊಸದು ತೆಗೆದುಕೊಳ್ಳೋಣ ಎಂದು ಮಾವ ಅದರ ಹಿಂದಿನ ವಾರ ಮಾತಾಡಿಕೊಂಡಿದ್ದರಂತೆ.

ಉಳಿದದ್ದು ಮಿಕ್ಸಿ. ಆಸ್ಪತ್ರೆಯಿಂದ ಕೇಸ್ ಶೀಟ್ ತರಿಸಿದರು. ಮೊದಲ ಪುಟದಲ್ಲಿ ಕೌಂಟರಿನವರು ಬರೆದ ಮಿಕ್ಸಿ ಇತ್ತು. ಮೂರನೇ ಪುಟದಲ್ಲಿ ಗಾಯ ತೊಳೆದ ಡಾಕ್ಟರ್ ತಾವು ಕಂಡದ್ದನ್ನು ಬರೆದಿದ್ದರು. ಜಜ್ಜಿದ ಗಾಯ, ಮೂಳೆ ಪುಡಿಯಾಗಿದೆ, ಗಾಯದೊಳಗೆ ಗ್ರೀಸ್ ಮತ್ತು ಲೋಹದ ಚೂರು ಇದೆ. ಡಾಕ್ಟರ್ ಸಾಕ್ಷಿ ಹೇಳಲು ಬಂದಾಗ ವಕೀಲರು ಒಂದೇ ಪ್ರಶ್ನೆ ಕೇಳಿದರು. "ಮಿಕ್ಸಿ ಬ್ಲೇಡಿನಿಂದ ಇಂಥ ಗಾಯ ಆಗುತ್ತಾ ಡಾಕ್ಟರೇ?" ಡಾಕ್ಟರ್ ಸ್ವಲ್ಪ ಹೊತ್ತು ಹಾಳೆ ನೋಡಿ, "ಮಿಕ್ಸಿ ಕುಯ್ಯುತ್ತೆ. ಇದು ಮೇಲಿಂದ ಭಾರ ಬಿದ್ದು ಆಗಿರೋದು" ಎಂದರು.

2,32,054 ರೂಪಾಯಿ, ಅಪಘಾತದ ದಿನದಿಂದ ಬಡ್ಡಿ. ಓನರ್ ಹೈಕೋರ್ಟಿಗೆ ಹೋಗಲಿಲ್ಲ. ಹೋಗಬೇಕೆಂದರೆ ಮೊದಲು ಹಣವನ್ನು ಠೇವಣಿ ಇಟ್ಟೇ ಹೋಗಬೇಕಿತ್ತು.

ಮಾವ ಈಗ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೆಲಸಕ್ಕಿದ್ದಾರೆ. ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಪೆನ್ನು ಸಿಕ್ಕಿಸಿಕೊಂಡು ಬಂದವರ ಹೆಸರು, ಗಾಡಿ ನಂಬರು, ಸಮಯ ಬರೆಯುತ್ತಾರೆ. ಸೇರಿದ ದಿನ ರಾತ್ರಿ ನನಗೊಂದು ಫೋಟೋ ಕಳಿಸಿದ್ದರು. ಹಾಜರಿ ಪುಸ್ತಕದ ಪುಟ, ಅದರಲ್ಲಿ ಅವರ ಹೆಸರು, ಪಕ್ಕದಲ್ಲಿ ಅವತ್ತಿನ ತಾರೀಕು. ಕೆಳಗೆ ಬರೆದಿದ್ದರು: "ಇದನ್ನ ಡಿಲೀಟ್ ಮಾಡ್ಬೇಡ."